ಗ್ರನಾಡಾ ಬಿಟ್ಟು ಕೊಯಿಂಬ್ರಾಕ್ಕೆ

ಯುರೋಪಿನ ಬಹಳಷ್ಟು ದೇಶಗಳಿಗೆ ಒಂದೇ ಸಾಕಾಗುವ ಷೆಂಗೆನ್ ವೀಸಾದ ಅರ್ಜಿಯಲ್ಲಿ ಪ್ರವಾಸದ ಮುಖ್ಯ ದೇಶ ಯಾವುದು ಎಂದು ಕೇಳುವ ಒಂದು ಅಂಕಣವಿದೆ. ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ ಸಲ್ಲಬೇಕು. ದಿನಗಳು ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. 2024ರ ಜೂನ್ ತಿಂಗಳ ಒಂದು ರಾತ್ರಿ ಧಾರವಾಡದ ಸಪ್ತಾಪುರದ ನಮ್ಮ ಮನೆಯಲ್ಲಿ ಆ ಅಂಕಣವನ್ನು ಖಾಲಿ ಇಟ್ಟುಕೊಂಡು ನಾನು ಎರಡು ತಾಸು ಕುಳಿತಿದ್ದೆ. ವೀಸಾ ಶುಲ್ಕ ಅದೇ ತಿಂಗಳು 80ರಿಂದ 90 ಯೂರೋಗೆ ಏರಿತ್ತು. ಎದುರಿಗೆ ಅವ್ವ ತನ್ನ ಬಾಡಿಗೆ ಪುಸ್ತಕ ಬಿಡಿಸಿಕೊಂಡು, ಮಹಡಿಯ ಕೋಣೆಗಳಿಗೆ ಆ ವರ್ಷ ಬಂದ ಹುಡುಗಿಯರ ಅಡ್ವಾನ್ಸ್ ಬರೆದುಕೊಳ್ಳುತ್ತಿದ್ದಳು. ಅವಳಿಗೆ ಅರವತ್ನಾಲ್ಕು, ಪಾಸ್‌ಪೋರ್ಟು ಕೈಗೆ ಬಂದು ಇನ್ನೂ ಮೂರು ವಾರವಾಗಿತ್ತು. ನಮ್ಮಲ್ಲಿದ್ದದ್ದು ಒಂಬತ್ತು ರಾತ್ರಿಗಳಿಗೆ ಸಾಲುವ ರಜೆ, ಇಬ್ಬರಿಗೆ ಸಾಲೀತೋ ಇಲ್ಲವೋ ಎನ್ನುವಷ್ಟು ಹಣ, ಮತ್ತು ತೀರ್ಮಾನವಾಗದ ಎರಡು ಊರುಗಳು: ಪೋರ್ಚುಗಲ್‌ನ ಕೊಯಿಂಬ್ರಾ, ಸ್ಪೇನಿನ ಗ್ರನಾಡಾ.

ಎರಡನ್ನೂ ನೋಡಿಬಿಡಬಹುದಲ್ಲ ಎಂದು ಕಚೇರಿಯಲ್ಲಿ ಅನೇಕರು ಹೇಳಿದರು. ನಕಾಶೆಯ ಮೇಲೆ ಅವು ಹತ್ತಿರವೇ ಕಾಣುತ್ತವೆ. ಆದರೆ ಲಿಸ್ಬನ್‌ಗೂ ಮ್ಯಾಡ್ರಿಡ್‌ಗೂ ನಡುವೆ ಓಡುತ್ತಿದ್ದ ನೇರ ರಾತ್ರಿ ರೈಲು 2020ರಲ್ಲಿ ನಿಂತುಹೋಯಿತು. ಕೊಯಿಂಬ್ರಾದಿಂದ ಗ್ರನಾಡಾ ತಲುಪುವುದೆಂದರೆ ಮತ್ತೆ ದೊಡ್ಡ ಊರಿಗೆ ಹಿಂತಿರುಗಿ, ಅಲ್ಲಿಂದ ವಿಮಾನವನ್ನೋ ಬಸ್ಸನ್ನೋ ಹಿಡಿದು, ಇಡೀ ಒಂದು ದಿನವನ್ನು ಸಾಮಾನು ಕಾಯುವುದರಲ್ಲಿ ಕಳೆಯುವುದು. ಮಂಡಿನೋವಿನ ಅವ್ವನನ್ನು ಕರೆದುಕೊಂಡು ಅಂಥ ಸಾಹಸ ಮಾಡುವ ಮನಸ್ಸು ನನಗಿರಲಿಲ್ಲ. ಒಂದನ್ನು ಬಿಡಲೇಬೇಕಾಗಿತ್ತು.

ಅಗ್ಗ ಎಂದರೆ ಯಾವುದು ಅಗ್ಗ

ಕೈಯಲ್ಲಿ ಹಣ ಕಡಿಮೆಯಿದ್ದವರಿಗೆ ಯುರೋಪಿನಲ್ಲಿ ವಿದ್ಯಾರ್ಥಿಗಳ ಊರುಗಳು ಅನುಕೂಲ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ನಾನೂ ಅದನ್ನು ನಂಬಿಯೇ ಈ ಎರಡು ಊರುಗಳವರೆಗೆ ಬಂದಿದ್ದೆ. ಗ್ರನಾಡಾದ ವಿಶ್ವವಿದ್ಯಾಲಯ 1531ರದು, ಅಲ್ಲಿ ಓದುವವರು ಐವತ್ತು ಸಾವಿರಕ್ಕೂ ಹೆಚ್ಚು. ಕೊಯಿಂಬ್ರಾದ್ದು ಇನ್ನೂ ಹಳೆಯದು: 1290ರಲ್ಲಿ ಲಿಸ್ಬನ್‌ನಲ್ಲಿ ಹುಟ್ಟಿ, ಎರಡೂ ಊರುಗಳ ನಡುವೆ ಹಲವು ಸಲ ಓಡಾಡಿ, 1537ರಲ್ಲಿ ಮೂರನೆಯ ಜುವಾಂವ್ ದೊರೆಯ ಕಾಲಕ್ಕೆ ಕೊಯಿಂಬ್ರಾದ ಗುಡ್ಡದ ಮೇಲೆ ಕಾಯಂ ಆಗಿ ನೆಲೆ ನಿಂತಿತು. ಒಂದು ಲಕ್ಷ ನಲವತ್ತು ಸಾವಿರದ ಆಸುಪಾಸು ಜನಸಂಖ್ಯೆಯ ಊರಿನಲ್ಲಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ಓದುವವರೇ ಎಂದರೆ ಅಲ್ಲಿನ ಚಹಾದಂಗಡಿ, ಝೆರಾಕ್ಸ್ ಅಂಗಡಿ, ಮಧ್ಯಾಹ್ನದ ಊಟದ ದರ ಹೇಗಿರಬೇಕೆಂಬುದನ್ನು ಧಾರವಾಡದವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಆದರೆ ನನ್ನನ್ನು ಕಾಡುತ್ತಿದ್ದ ಸಂಶಯ ಹುಟ್ಟಿದ್ದೂ ಧಾರವಾಡದಿಂದಲೇ. ನಾನು ವಿದ್ಯಾರ್ಥಿಗಳ ಊರಿನಲ್ಲಿ ವಿದ್ಯಾರ್ಥಿಯಾಗಿ ಬಂದವಳಲ್ಲ, ಅವರಿಗೆ ಬಾಡಿಗೆ ಕೊಡುವವರ ಮನೆಯಲ್ಲಿ ಬೆಳೆದವಳು. ಅಪ್ಪ ಕಟ್ಟಿಸಿದ ಮನೆಯ ಮಹಡಿಯಲ್ಲಿ ನಾಲ್ಕು ಕೋಣೆಗಳಿವೆ. ಬಾಗಲಕೋಟೆ, ಗದಗ, ಸವದತ್ತಿ ಕಡೆಯ ಹುಡುಗಿಯರು ಪ್ರತಿ ಜೂನ್‌ನಲ್ಲಿ ಟ್ರಂಕು, ಸುತ್ತಿದ ಹಾಸಿಗೆ, ಒಂದು ಬಕೆಟ್ಟು ಹಿಡಿದು ತಂದೆಯ ಹಿಂದೆ ನಿಲ್ಲುವುದನ್ನು ನಾನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ಖಾನಾವಳಿಯವರು ಊಟದ ದರ ಏರಿಸಲು ಹೆದರುತ್ತಾರೆ, ಏಕೆಂದರೆ ಹುಡುಗರು ಎರಡು ರೂಪಾಯಿಗೂ ಬೇರೆ ಖಾನಾವಳಿ ಹುಡುಕಿಕೊಂಡು ಹೋಗುತ್ತಾರೆ. ಕೋಣೆಯ ಮಾತು ಹಾಗಲ್ಲ. ಕೋಚಿಂಗ್ ಕ್ಲಾಸುಗಳ ಹತ್ತಿರದ ಕೋಣೆಗೆ ಯಾರು ಎಷ್ಟು ಹೇಳಿದರೂ ಕೊಡುವವರಿರುತ್ತಾರೆ. ವಿದ್ಯಾರ್ಥಿಗಳು ಬಂದ ಊರಿನಲ್ಲಿ ಊಟ ಅಗ್ಗವಾಗುತ್ತದೆ, ಕೋಣೆ ತುಟ್ಟಿಯಾಗುತ್ತದೆ. ಪ್ರವಾಸಿಗೆ ಬೇಕಾದದ್ದು ಎರಡೂ. ಮೊದಲನೆಯದರಲ್ಲಿ ಅವನು ವಿದ್ಯಾರ್ಥಿಯ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾನೆ, ಎರಡನೆಯದರಲ್ಲಿ ಅದೇ ವಿದ್ಯಾರ್ಥಿಯ ಎದುರು ಹರಾಜು ಕೂಗುತ್ತಾನೆ. ಈ ಲೆಕ್ಕವನ್ನು ಯಾವ ಪ್ರವಾಸಿ ಪಟ್ಟಿಯಲ್ಲೂ ನಾನು ಕಂಡಿರಲಿಲ್ಲ.

ಮನೆಯಲ್ಲಿ ಆ ದಿನಗಳಲ್ಲಿ ಇನ್ನೊಂದು ಚರ್ಚೆಯೂ ನಡೆದಿತ್ತು. ಮಹಡಿಯ ಎರಡು ಕೋಣೆಗಳನ್ನು ಸೇರಿಸಿ, ಹವಾನಿಯಂತ್ರಣ ಹಾಕಿಸಿ, ಮೊಬೈಲ್ ಆ್ಯಪಿನ ಮೂಲಕ ದಿನದ ಬಾಡಿಗೆಗೆ ಕೊಡೋಣ ಎಂಬುದು ತಮ್ಮನ ವಾದ. ತಿಂಗಳಿಗೆ ಹುಡುಗಿಯರು ಕೊಡುವುದನ್ನು ಐದು ದಿನದಲ್ಲಿ ಎತ್ತಬಹುದು ಎಂದು ಅವನು ಕಾಗದದ ಮೇಲೆ ತೋರಿಸಿದ್ದ. ಅವ್ವ ಆ ಕಾಗದವನ್ನು ಬಾಡಿಗೆ ಪುಸ್ತಕದೊಳಗೆ ಮಡಿಸಿಟ್ಟಿದ್ದಳು. ಹೂಂ ಎಂದಿರಲಿಲ್ಲ, ಒಲ್ಲೆ ಎಂದೂ ಅಂದಿರಲಿಲ್ಲ.

ಗ್ರನಾಡಾದ ಬಾಕಿ

ಗ್ರನಾಡಾದ ಪರವಾಗಿದ್ದದ್ದು ನನ್ನ ಹಳೆಯ ಸಾಲ. 2017ರ ನವೆಂಬರ್‌ನಲ್ಲಿ ಕಚೇರಿ ಕೆಲಸದ ಮೇಲೆ ಮೂರು ದಿನ ಅಲ್ಲಿದ್ದೆ. ಗುಡ್ಡದ ಮೇಲಿನ ಕೋಟೆ ಅಲ್‌ಹಂಬ್ರಾದ ಒಳಗೆ, ಗ್ರನಾಡಾವನ್ನು ಆಳಿದ ಮುಸ್ಲಿಂ ಮನೆತನವಾದ ನಸ್ರಿದ್‌ರ ಅರಮನೆಗಳನ್ನು ನೋಡಲು ಟಿಕೆಟಿನ ಮೇಲೆ ನಮೂದಾದ ಹೊತ್ತಿಗೇ ಬಾಗಿಲಲ್ಲಿರಬೇಕು, ಹೆಸರು ಪಾಸ್‌ಪೋರ್ಟಿಗೆ ತಾಳೆಯಾಗಬೇಕು, ಮತ್ತು ಆ ಟಿಕೆಟುಗಳು ಬಹಳ ಮೊದಲೇ ಮುಗಿದುಹೋಗುತ್ತವೆ ಎಂಬುದು ನನಗೆ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಟಿಕೆಟಿಲ್ಲದವರಿಗೂ ತೆರೆದಿರುವ ಐದನೆಯ ಚಾರ್ಲ್ಸನ ಅರಮನೆಯ ದುಂಡು ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು, ಕತ್ತಲಾಗುವ ಮುಂಚೆ ಗೊಮೆರೆಸ್ ಇಳಿಜಾರಿನಲ್ಲಿ ಕೆಳಗೆ ಬಂದೆ. ದಾರಿಯ ಎರಡೂ ಬದಿಯ ಕಲ್ಲಿನ ಕಾಲುವೆಗಳಲ್ಲಿ ನೀರು ಜೋರಾಗಿ ಇಳಿಯುತ್ತಿತ್ತು. ಮರಗಳ ಕೆಳಗೆ ಜನ ಕಡಿಮೆ, ನೀರಿನ ಸದ್ದೇ ಹೆಚ್ಚು. ದಾರ್ರೊ ನದಿಯ ನೀರನ್ನು ಕಿಲೋಮೀಟರುಗಟ್ಟಲೆ ದೂರದಲ್ಲೇ ತಿರುಗಿಸಿ, ಗುಡ್ಡದ ಮೈ ಹಿಡಿದು ಅರಮನೆಯವರೆಗೆ ತಂದವರು ನಸ್ರಿದ್ ಸುಲ್ತಾನರು. ಬೀದರಿನ ನೌಬಾದ್‌ನಲ್ಲಿ ನೆಲದ ಕೆಳಗಿನ ನೀರಿನ ಸುರಂಗ ಕರೇಜ್‌ಗೆ ಇಣುಕಿ ನೋಡಿದವರಿಗೆ ಆ ಸದ್ದು ಬೇರೆಯೇ ಅರ್ಥ ಕೊಡುತ್ತದೆ. ಒಣ ನಾಡಿನಲ್ಲಿ ನೀರನ್ನು ಹೇಗೆ ನಡೆಸಬೇಕೆಂಬ ವಿದ್ಯೆ ಎಷ್ಟು ದೂರದವರೆಗೆ ಹಬ್ಬಿತ್ತು ಎನ್ನುವುದು ಹೊಳೆಯುತ್ತದೆ.

ಬೀದರ್ ನೆನಪಾಗಲು ಇನ್ನೊಂದು ಕಾರಣವೂ ಇತ್ತು. ಗ್ರನಾಡಾದ ರಾಜಮನೆತನದ ಸಮಾಧಿಗಳಿರುವ ಚಾಪೆಲ್ಲಿನ ಎದುರಿಗೇ ಒಂದು ಮದರಸಾ ಇದೆ, ನಸ್ರಿದ್ ಸುಲ್ತಾನ ಒಂದನೆಯ ಯೂಸುಫ್ 1349ರಲ್ಲಿ ಕಟ್ಟಿಸಿದ್ದು, ಈಗ ವಿಶ್ವವಿದ್ಯಾಲಯದ ಸೊತ್ತು. ಹೊರಗಿನಿಂದ ನೋಡಿದರೆ ನಂತರದ ಕಾಲದ ಸ್ಪ್ಯಾನಿಷ್ ಕಟ್ಟಡ. ಒಳಗೆ ಹೋದರೆ ಪ್ರಾರ್ಥನೆಯ ಕೋಣೆಯ ಸುಣ್ಣಗಾರೆಯ ಕೆತ್ತನೆ ಉಳಿದುಕೊಂಡಿದೆ. ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಮದರಸಾ ಬೀದರಿನಲ್ಲಿ ಎದ್ದದ್ದು 1472ರಲ್ಲಿ. ಗವಾನನನ್ನು 1481ರಲ್ಲಿ ಅವನು ಸೇವೆ ಮಾಡಿದ ಸುಲ್ತಾನನೇ ಕೊಲ್ಲಿಸಿದ. 1492ರಲ್ಲಿ ಗ್ರನಾಡಾ ಕ್ಯಾಥೋಲಿಕ್ ದೊರೆಗಳ ಕೈವಶವಾಯಿತು. ಒಂದು ದಶಕದೊಳಗೆ ಸಿಸ್ನೆರೋಸ್ ಎಂಬ ಧರ್ಮಾಧ್ಯಕ್ಷ ಅರಬ್ಬಿ ಪುಸ್ತಕಗಳನ್ನು ಬಿಬ್-ರಂಬ್ಲಾ ಚೌಕದಲ್ಲಿ ಸುಡಿಸಿದ. ಆ ಚೌಕದಲ್ಲಿ ಈಗ ಹೂವಿನ ಅಂಗಡಿಗಳಿವೆ. ಇಷ್ಟೆಲ್ಲ ಇದ್ದ ಊರನ್ನು ಬಿಡುವುದು ಸುಲಭವಿರಲಿಲ್ಲ.

ಊಟದ ವಿಷಯದಲ್ಲಿ ಮಾತ್ರ ಗ್ರನಾಡಾ ನಮ್ಮಂಥವರಿಗೆ ಹೊಂದುವುದಿಲ್ಲ. ಅಲ್ಲಿ ಒಂದು ಲೋಟ ಬಿಯರನ್ನೋ ವೈನನ್ನೋ ಕೊಂಡರೆ ಜೊತೆಗೆ ಒಂದು ತಟ್ಟೆ ತಿಂಡಿ ಪುಕ್ಕಟೆ. ಮೂರು ಲೋಟಕ್ಕೆ ಹುಡುಗರ ರಾತ್ರಿಯ ಊಟವೇ ಮುಗಿಯುತ್ತದೆ. ಆ ತಟ್ಟೆಯಲ್ಲಿ ಏನು ಬರಬೇಕೆಂಬುದು ಬಹುಪಾಲು ಅಂಗಡಿಯವನ ಇಷ್ಟ. ನನಗೆ ಮೊದಲು ಬಂದದ್ದು ಬ್ರೆಡ್ಡಿನ ಮೇಲೆ ಒಣಗಿಸಿದ ಹಂದಿಮಾಂಸ. ಮಾಂಸ ಬೇಡ ಎಂದು ಸ್ಪ್ಯಾನಿಷ್‌ನಲ್ಲಿ ಬರೆದಿದ್ದ ಚೀಟಿ ತೋರಿಸಿದೆ. ಅವನು ಬಹಳ ಮರ್ಯಾದೆಯಿಂದ ತಟ್ಟೆಯನ್ನು ಹಿಂದಕ್ಕೆ ತೆಗೆದುಕೊಂಡು ಮೀನು ಹಾಕಿ ತಂದ. ಪುಕ್ಕಟೆ ಊಟದ ಊರಿನಲ್ಲಿ ಅವ್ವನನ್ನು ನಾಲ್ಕು ದಿನ ಉಪವಾಸ ಇಡುವ ಚಿತ್ರ ಆಗಲೇ ಕಣ್ಮುಂದೆ ಬಂದಿತ್ತು.

ಅವ್ವನ ಪ್ರಶ್ನೆ

ಆ ರಾತ್ರಿ ಲ್ಯಾಪ್‌ಟಾಪಿನಲ್ಲಿ ಎರಡೂ ಊರಿನ ಚಿತ್ರ ತೋರಿಸಿದೆ. ಅಲ್‌ಹಂಬ್ರಾದ ಸಿಂಹಗಳ ಅಂಗಳವನ್ನು ಅವ್ವ ಕನ್ನಡಕ ಸರಿಮಾಡಿಕೊಂಡು ನೋಡಿ, "ಭಾಳ ಛಂದೈತಿ" ಎಂದಳು, ಗೋಳಗುಮ್ಮಟಕ್ಕೆ ಹೇಳುವ ಹಾಗೆಯೇ. ಕೊಯಿಂಬ್ರಾದ್ದು ತೋರಿಸುವಾಗ, ಕಪ್ಪು ನಿಲುವಂಗಿ ಹೊದ್ದ ಹುಡುಗ ಹುಡುಗಿಯರು ಒಂದು ಹಳೆಯ ಮನೆಯ ಮುಂದೆ ನಿಂತ ಚಿತ್ರ ಬಂತು. ಅದು ರೆಪುಬ್ಲಿಕಾ. ನಾಲ್ಕಾರು ವಿದ್ಯಾರ್ಥಿಗಳು ಸೇರಿ ಒಂದು ಮನೆ ಹಿಡಿದು, ಮನೆಗೊಂದು ಹೆಸರಿಟ್ಟು, ಖರ್ಚನ್ನೂ ನಿಯಮವನ್ನೂ ತಾವೇ ಕೂಡಿ ತೀರ್ಮಾನಿಸಿ, ತಲೆಮಾರಿನಿಂದ ತಲೆಮಾರಿಗೆ ದಾಟಿಸಿಕೊಂಡು ಬಂದ ಮನೆಗಳವು. ಹೊಸಬ ಬಂದಾಗ ಹಳಬರು ಒಪ್ಪಿದರೆ ಮಾತ್ರ ಜಾಗ. ನಾನು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಅವ್ವ ಪುಸ್ತಕ ಮುಚ್ಚಿದ್ದಳು.

"ಮನಿ ಮಾಲಕರು ಸುಮ್ನ ಇರ್ತಾರೇನು?" ಎಂದು ಕೇಳಿದಳು. "ಬಾಡಿಗಿ ಯಾರ ಹೆಸರಿಲೆ? ಅಡಿಗಿ ಯಾರು ಮಾಡ್ತಾರ?"

"ಅಡಿಗಿಗೆ ಹೆಣಮಗಳನ್ನ ಇಟಗೊಂಡಿರ್ತಾರಂತ, ಅವ್ವಾ."

"ಹಂಗಾದ್ರ ಊರಿಂದ ಬುತ್ತಿ ಬರೂದಿಲ್ಲ," ಎಂದಳು ಸ್ವಲ್ಪ ಮರುಕದಿಂದ. ಸರಕಾರಿ ಬಸ್ಸಿನಲ್ಲಿ ಊರಿನಿಂದ ಬರುವ ಬುತ್ತಿ ಡಬ್ಬಿಗಳನ್ನು ನಿಲ್ದಾಣದಿಂದ ತರಲು ಹುಡುಗಿಯರು ಓಡುವುದನ್ನು ನೋಡಿದವಳಿಗೆ ಬುತ್ತಿ ಇಲ್ಲದ ಓದು ಊಹೆಗೂ ನಿಲುಕುವಂಥದ್ದಲ್ಲ. ಆಮೇಲೆ ಹೇಳಿದಳು: "ಅರಮನಿ ಆಮ್ಯಾಲ ನೋಡೂಣು. ಈ ಹುಡುಗ್ರ ಊರಿಗೇ ಹೋಗೂಣು ನಡಿ."

ಅವಳ ಒಂದು ಮಾತಿಗೆ ನನ್ನ ಎರಡು ತಾಸಿನ ತಕರಾರು ಮುಗಿಯಿತು. ಮುಖ್ಯ ದೇಶದ ಅಂಕಣದಲ್ಲಿ ಪೋರ್ಚುಗಲ್ ಎಂದು ಬರೆದೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ನನಗೆ ಸ್ವಲ್ಪ ನಿರಾಸೆಯೇ ಆಯಿತು. ನಾನು ಊರನ್ನು ಆರಿಸುತ್ತಿದ್ದದ್ದು ಅಲ್ಲಿ ನೋಡಲು ಏನಿದೆ ಎಂಬುದರ ಮೇಲೆ. ಅವಳು ಆರಿಸಿದ್ದು ಅಲ್ಲಿ ಕೇಳಲು ಏನಿದೆ ಎಂಬುದರ ಮೇಲೆ. ಮೂವತ್ತು ವರ್ಷ ಮಾಡಿದ ಕೆಲಸವನ್ನು ಬೇರೆಯವರು ಹೇಗೆ ಮಾಡುತ್ತಾರೆಂದು ನೋಡಿಬರುವ ಅವಕಾಶ ಅವಳಿಗೆ ಅದುವರೆಗೆ ಸಿಕ್ಕಿರಲಿಲ್ಲ, ಮತ್ತು ಹಾಗೊಂದು ಆಸೆ ಅವಳಿಗಿದೆಯೆಂದು ನಾನೂ ಯೋಚಿಸಿರಲಿಲ್ಲ.

ಚಾವಿ

ಸೆಪ್ಟೆಂಬರ್ ನಡುವಿನಲ್ಲಿ ಹೋದೆವು. ಲಿಸ್ಬನ್‌ನಿಂದ ರೈಲಿನಲ್ಲಿ ಎರಡು ತಾಸಿನ ದಾರಿ. ನಾವು ಹಿಡಿದಿದ್ದ ಕೋಣೆ ಹಳೆಯ ಪ್ರಧಾನ ಚರ್ಚಿನ ಕೆಳಗಿನ ಗಲ್ಲಿಯಲ್ಲಿತ್ತು. ಅಲ್ಲಿಂದ ಮೇಲಕ್ಕೆ ಹತ್ತುವ ಮೆಟ್ಟಿಲ ಬೀದಿಯ ಹೆಸರು ಕೆಬ್ರ ಕೋಸ್ತಸ್, ಅಂದರೆ ಬೆನ್ನು ಮುರಿಯುವುದು. ಊರಿನವರು ಹೆಸರಿಡುವಾಗ ಮುಚ್ಚುಮರೆ ಮಾಡಿಲ್ಲ. ಬಾಗಿಲ ಪಕ್ಕದಲ್ಲಿ ನೀಲಿ ಅಕ್ಷರದಲ್ಲಿ ಏಎಲ್ ಎಂದು ಬರೆದ ಸಣ್ಣ ಫಲಕವಿತ್ತು, ಪ್ರವಾಸಿಗಳಿಗೆ ದಿನದ ಬಾಡಿಗೆಗೆ ಕೊಡಲು ನೋಂದಾಯಿಸಿದ ಮನೆ ಎಂಬುದರ ಗುರುತು. ಆ ಗಲ್ಲಿಯಲ್ಲಿ ಒಂದು ಕಡೆಯಿಂದ ಎಣಿಸಿದರೆ ಅಂಥ ಫಲಕಗಳು ನಾಲ್ಕೈದು ಸಿಕ್ಕವು. ಮನೆಯೊಡತಿಗೆ ಎಪ್ಪತ್ತರ ಆಸುಪಾಸು. ಅವ್ವನಂತೆಯೇ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಕೋಣೆ ತೋರಿಸಿ, ಗೋಡೆಯ ಮೊಳೆಯಿಂದ ಕೀಲಿಯನ್ನು ತೆಗೆದು ಅವ್ವನ ಕೈಗೆ ಕೊಡುತ್ತ ಅದರ ಹೆಸರು ಹೇಳಿದರು. ಅವರ ಉಚ್ಚಾರಣೆಯಲ್ಲಿ ಅದು 'ಶಾವ್' ಎಂದು ಕೇಳಿಸಿತು. ಅದು ನಮ್ಮ 'ಚಾವಿ'ಯೇ ಎಂದು ನಾನು ಅವ್ವನಿಗೆ ಹೇಳಿದೆ. ಮೂಲೆಯಲ್ಲಿದ್ದ 'ಅರ್ಮಾರಿಯು' ನಮ್ಮ ಅಲಮಾರಿ, ಪೇಟೆಯ 'ಬತಾತ' ನಮ್ಮ ಬಟಾಟೆ, ತಿಂಗಳ ಪಗಾರಕ್ಕೂ ಇವರ ಭಾಷೆಯೇ ಮೂಲ ಎಂದು ಸೇರಿಸಿದೆ. ಗೋವೆಯಿಂದ ಘಟ್ಟ ಹತ್ತಿ ಮಿರ್ಚಿ, ಗೋಡಂಬಿಗಳ ಜೊತೆ ಬಂದ ಮಾತುಗಳಿವು.

ಅವ್ವ ಕೀಲಿಯನ್ನು ಕೈಯಲ್ಲಿ ತೂಗಿ ನೋಡಿದಳು. "ಇಷ್ಟು ದೂರದಿಂದ ಬಂದದ್ದನ್ನ ನಾ ದಿನಾ ಸೆರಗಿಗೆ ಕಟಗೊಂಡು ತಿರಗ್ತೀನೇನು?" ಎಂದಳು. ಮನೆಯೊಡತಿ ಏನೆಂದು ಕೇಳಿದರು, ನಾನು ಮೊಬೈಲಿನಲ್ಲಿ ಅನುವಾದಿಸಿ ತೋರಿಸಿದೆ, ಅವರು ನಗುತ್ತ ತಮ್ಮ ಏಪ್ರನ್ನಿನ ಜೇಬಿನಿಂದ ಇಡೀ ಕೀಲಿಗೊಂಚಲನ್ನೇ ತೆಗೆದು ತೋರಿಸಿದರು. ಇಬ್ಬರೂ ಗೊಂಚಲನ್ನು ನೋಡಿದ ರೀತಿಯಲ್ಲಿ ಒಂದು ವೃತ್ತಿಯ ಗಾಂಭೀರ್ಯವಿತ್ತು. ಆಮೇಲಿನ ನಾಲ್ಕು ದಿನ ಸಂಜೆಯ ಹೊತ್ತು ಅವರಿಬ್ಬರೂ ಅಡುಗೆಮನೆಯಲ್ಲಿ ನನ್ನ ಮೊಬೈಲನ್ನು ನಡುವೆ ಇಟ್ಟುಕೊಂಡು ಕೂಡುತ್ತಿದ್ದರು. ನಾವು ಕೊಂಡೊಯ್ದಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯನ್ನು ಮನೆಯೊಡತಿ ಮೆಚ್ಚಿಕೊಂಡರು. ಕಾಲ್ದು ವೆರ್ದ್ ಎಂಬ ಸೊಪ್ಪು ಬಟಾಟೆಯ ಸಾರನ್ನು ಅವ್ವನಿಗಾಗಿ ಮಾಂಸದ ತುಣುಕು ಹಾಕದೆ ಮಾಡಿಕೊಟ್ಟರು.

ಹಗಲು ಗುಡ್ಡ ಹತ್ತಿದೆವು. ವಿಶ್ವವಿದ್ಯಾಲಯದ ಹಳೆಯ ಅಂಗಳ, ತರಗತಿಯ ವೇಳೆ ಸಾರುತ್ತಿದ್ದುದರಿಂದ ವಿದ್ಯಾರ್ಥಿಗಳು ಸಿಟ್ಟಿಗೆ 'ಮೇಕೆ' ಎಂದು ಕರೆದ ಗಂಟೆಯ ಗೋಪುರ, ಐದನೆಯ ಜುವಾಂವ್ ದೊರೆ 18ನೆಯ ಶತಮಾನದಲ್ಲಿ ಕಟ್ಟಿಸಿದ ಗ್ರಂಥಾಲಯ. ಆ ಗ್ರಂಥಾಲಯದಲ್ಲಿ ಬಾವಲಿಗಳಿವೆ. ಅವು ರಾತ್ರಿ ಹಾರಾಡಿ ಪುಸ್ತಕ ತಿನ್ನುವ ಹುಳುಗಳನ್ನು ಹಿಡಿಯುತ್ತವೆ. ಅವುಗಳ ಹಿಕ್ಕೆ ಬೀಳದಂತೆ ಸಂಜೆ ಮೇಜುಗಳಿಗೆ ಚರ್ಮದ ಹೊದಿಕೆ ಹಾಸಿ, ಬೆಳಿಗ್ಗೆ ತೆಗೆದು ಒರೆಸುತ್ತಾರೆ. ಬಂಗಾರದ ಬಣ್ಣದ ಕಮಾನುಗಳಿಗಿಂತ ಅವ್ವನಿಗೆ ಈ ಹೊದಿಕೆಯ ವ್ಯವಸ್ಥೆ ಹಿಡಿಸಿತು. ಮಹಡಿಯಲ್ಲಿ ಪಾರಿವಾಳದ ಕಾಟಕ್ಕೆ ಅವಳೂ ಹಳೆಯ ತಾಡಪತ್ರಿ ಹಾಸುತ್ತಾಳೆ.

ಆ ಅಂಗಳದಿಂದ ಹೊರಗೆ ಬಂದರೆ ಬೀದಿ ಇದ್ದಕ್ಕಿದ್ದಂತೆ ಅಗಲವಾಗುತ್ತದೆ, ಎರಡೂ ಬದಿ ಬೋಳು ಬೋಳಾದ ದೊಡ್ಡ ಕಟ್ಟಡಗಳು ನಿಲ್ಲುತ್ತವೆ. ಇದೇ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕನಾಗಿದ್ದು ಸರ್ವಾಧಿಕಾರಿಯಾದ ಸಲಾಜಾರನ ಆಡಳಿತ 1940ರ ದಶಕದಿಂದ ಮೇಲಿನ ಊರಿನ ಬಹುಭಾಗವನ್ನು ಕೆಡವಿ ಎಬ್ಬಿಸಿದ ವಿಭಾಗಗಳು ಅವು. ಅಲ್ಲಿದ್ದ ಮನೆ, ಅಂಗಡಿ, ಓಣಿಗಳು ಹೋದವು. ಜನರನ್ನು ಊರ ಹೊರಗಿನ ಹೊಸ ಬಡಾವಣೆಗಳಿಗೆ ಕಳಿಸಿದರು. ಕೆಡವಿ ಕಟ್ಟಿದ ಅದೇ ಜಾಗದಲ್ಲಿ, 1969ರ ಏಪ್ರಿಲ್ 17ರಂದು ಗಣಿತ ವಿಭಾಗದ ಉದ್ಘಾಟನೆಗೆ ರಾಷ್ಟ್ರಾಧ್ಯಕ್ಷ ಬಂದಿದ್ದಾಗ, ವಿದ್ಯಾರ್ಥಿ ಸಂಘದ ಅಧ್ಯಕ್ಷ ಅಲ್ಬೆರ್ತು ಮಾರ್ತಿನ್ಸ್ ಎದ್ದು ಮಾತಾಡಲು ಅನುಮತಿ ಕೇಳಿದ. ಕೊಡಲಿಲ್ಲ, ಬಂಧಿಸಿದರು, ವಿದ್ಯಾರ್ಥಿಗಳು ಪರೀಕ್ಷೆಗಳನ್ನೇ ಬಹಿಷ್ಕರಿಸಿದರು. ನಾನು ಈ ಕಥೆಯನ್ನು ಬಹಳ ಉತ್ಸಾಹದಿಂದ ಹೇಳುತ್ತಿದ್ದೆ. ಅವ್ವ ಇನ್ನೂ ಹಿಂದಿನ ವಾಕ್ಯದಲ್ಲೇ ಇದ್ದಳು. "ಮನಿ ಕೆಡವಿಸಿಕೊಂಡವರು ಬಾಡಿಗಿಯವರೋ, ಸ್ವಂತದವರೋ?" ಎಂದು ಕೇಳಿದಳು.

ವಿದ್ಯಾರ್ಥಿಗಳು ಆಗತಾನೇ ಬಂದಿಳಿಯುತ್ತಿದ್ದ ದಿನಗಳವು. ಚಕ್ರದ ಪೆಟ್ಟಿಗೆಗಳು ಕಲ್ಲುಹಾಸಿನ ಮೇಲೆ ಸದ್ದು ಮಾಡುತ್ತ ಏರುತ್ತಿದ್ದವು, ಹಿಂದೆ ಹಾಸಿಗೆ ದಿಂಬು ಹಿಡಿದ ತಂದೆ ತಾಯಿ. ಧಾರವಾಡದ ಜೂನ್ ಅಲ್ಲಿ ಸೆಪ್ಟೆಂಬರಿಗೆ ಬರುತ್ತದೆ, ಅಷ್ಟೇ ವ್ಯತ್ಯಾಸ. ಮೂರನೆಯ ದಿನ ಮಧ್ಯಾಹ್ನ ನಾವು ಅಡುಗೆಮನೆಯಲ್ಲಿದ್ದಾಗ ಗಂಟೆ ಬಾರಿಸಿತು. ಬಾಗಿಲಲ್ಲಿ ಒಬ್ಬ ಗಂಡಸು ಮತ್ತು ಹದಿನೆಂಟರ ಹುಡುಗಿ. ಮನೆಯೊಡತಿ ತಲೆ ಅಲ್ಲಾಡಿಸಿದರು, ಏಎಲ್ ಫಲಕದ ಕಡೆ ಕೈ ತೋರಿಸಿದರು. ತಂದೆ ಇನ್ನೇನೋ ಕೇಳಿದ. ಮತ್ತೆ ಅದೇ ಉತ್ತರ. ಹುಡುಗಿ ಅವ್ವನನ್ನೂ ನನ್ನನ್ನೂ, ಮೇಜಿನ ಮೇಲಿನ ರೊಟ್ಟಿಯನ್ನೂ ನೋಡಿ, ಸಣ್ಣದಾಗಿ ತಲೆಬಾಗಿ ಹೋದಳು. ಬಾಗಿಲು ಮುಚ್ಚಿದ ಮೇಲೆ ಮನೆಯೊಡತಿ ಕೇಳದೆಯೇ ವಿವರಿಸಿದರು: ಮೊದಲು ಎರಡೂ ಕೋಣೆ ವಿದ್ಯಾರ್ಥಿಗಳಿಗೇ ಇದ್ದವು, ಗಂಡ ತೀರಿಕೊಂಡ ಮೇಲೆ ಒಂದನ್ನು ಹೀಗೆ ಮಾಡಿದರು, ಚಾವಣಿ ಸೋರುತ್ತಿತ್ತು, ದುರಸ್ತಿಗೆ ಬೇರೆ ದಾರಿ ಇರಲಿಲ್ಲ.

ಅವ್ವ ಅವರನ್ನು ತಪ್ಪು ಎನ್ನಲಿಲ್ಲ. ಅವರ ಕೈ ಮೇಲೆ ಕೈ ಇಟ್ಟು, ದುರಸ್ತಿಗೆ ಎಷ್ಟು ಖರ್ಚಾಯಿತೆಂದು ಕೇಳಿದಳು. ಬಂದ ಅಂಕಿಯನ್ನು ನನ್ನಿಂದ ರೂಪಾಯಿಗೆ ಪರಿವರ್ತಿಸಿಕೊಂಡು ಹುಬ್ಬೇರಿಸಿದಳು. ಆದರೆ ಆ ರಾತ್ರಿ ಬಹಳ ಹೊತ್ತು ಅವಳಿಗೆ ನಿದ್ದೆ ಬರಲಿಲ್ಲ. ನಾವು ಮಲಗಿದ್ದ ಮಂಚ ಆ ಹುಡುಗಿಯದಾಗಬಹುದಿತ್ತು ಎಂಬುದು ನನಗೂ ಹೊಳೆದಿತ್ತು. ರಾತ್ರಿಗೆ ನಾವು ಕೊಡುತ್ತಿದ್ದ ನಲವತ್ತೈದು ಯೂರೋವನ್ನು ಅಗ್ಗವೆಂದು ನಾನೇ ಅಲ್ಲವೇ ಕಚೇರಿಯಲ್ಲಿ ಹೇಳಿಕೊಂಡು ಬಂದದ್ದು. ಗ್ರನಾಡಾಕ್ಕೆ ಹೋಗಿದ್ದರೂ ಇದೇ ಆಗುತ್ತಿತ್ತು, ಅಲ್ಲಿನ ಹಳೆಯ ಓಣಿಗಳ ಭಾಗವಾದ ಅಲ್ಬೈಸಿನ್‌ನ ಎಷ್ಟೋ ಬಿಳಿ ಮನೆಗಳೂ ದಿನದ ಬಾಡಿಗೆಯ ಮನೆಗಳಾಗಿವೆ. ಅಲ್ಲಿ ನಾನು ಅರಮನೆ ನೋಡುವ ಗಡಿಬಿಡಿಯಲ್ಲಿ ಇದನ್ನು ಗಮನಿಸುತ್ತಿರಲಿಲ್ಲ, ಅಷ್ಟೇ.

ಹೊರಡುವ ದಿನ ಅವ್ವ ಹಾಸಿಗೆ ಮಡಿಸಿ, ಕೋಣೆ ಗುಡಿಸಿ, ಕೀಲಿಯನ್ನು ತಾನೇ ಮೊಳೆಗೆ ಸಿಕ್ಕಿಸಿದಳು. ಪೋರ್ತು ಊರಿಗೆ ಹೋಗುವ ರೈಲಿನಲ್ಲಿ ಕಿಟಕಿಯ ಹೊರಗೆ ನೀಲಗಿರಿ ಮರಗಳು ಸಾಲಾಗಿ ಓಡುತ್ತಿದ್ದಾಗ, "ಆ ಹುಡಗಿಗೆ ಎಲ್ಲ್ಯರ ರೂಮು ಸಿಕ್ಕಿರಬೇಕಲ್ಲ?" ಎಂದಳು. ಸಿಕ್ಕಿರುತ್ತದೆ ಎಂದೆ. ನನಗೇನು ಗೊತ್ತು.

ಅಲ್‌ಹಂಬ್ರಾದ ಟಿಕೆಟು ಇನ್ನೂ ಬಾಕಿಯೇ ಇದೆ. ತಮ್ಮನ ಲೆಕ್ಕದ ಕಾಗದ ಬಾಡಿಗೆ ಪುಸ್ತಕದಲ್ಲಿ ಎಲ್ಲಿತ್ತೋ ಅಲ್ಲೇ ಇದೆ. 2025ರ ಜೂನ್‌ನಲ್ಲಿ ಮಹಡಿಯ ನಾಲ್ಕೂ ಕೋಣೆಗಳಿಗೆ ಹುಡುಗಿಯರು ಬಂದರು. ಬಾಡಿಗೆಯನ್ನು ಅವ್ವ 500 ರೂಪಾಯಿ ಏರಿಸಿದ್ದಾಳೆ.